ಹನ್ನೆರಡನೆಯ ವಿಮಾನ

ಕಾವೇರಿ ಸೀಟಿ ಊದಿದಳು. ಕ್ರೇನ್ ನಿಂತಿತು. ಸಿರುಗುಪ್ಪ-ಬಳ್ಳಾರಿ ಬಸ್ಸಿನಲ್ಲಿ ಹದಿನಾಲ್ಕು ವರ್ಷ ಕಂಡಕ್ಟರ್ ಆಗಿದ್ದವಳ ಸೀಟಿಗೆ ಯಾವ ಗಾಡಿಯಾದರೂ ನಿಲ್ಲಲೇಬೇಕು. ಇವತ್ತು ರಜೆ ಹಾಕಿದ್ದಳು, ಆದರೂ ಖಾಕಿ ತೊಟ್ಟೇ ಬಂದಿದ್ದಳು. ಸೀದಾ ಹೋಗಿ ಬಳ್ಳಾರಿ ಉದ್ಯಾನದಲ್ಲಿ ನೋಡಲೆಂದು ನಿಲ್ಲಿಸಿದ್ದ ವಿಮಾನದ ಎಡರೆಕ್ಕೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ಕೊಯ್ಯೂದಿದ್ರ ನನ್ನಿಂದನ ಶುರು ಮಾಡ್ರಿ."

ಗುತ್ತಿಗೆದಾರ ಚಂದ್ರಣ್ಣ ಹಣೆ ಒರೆಸಿಕೊಂಡ. ಅವನೇನು ಕೆಟ್ಟವನಲ್ಲ. ಸಂಜೆ ಐದರೊಳಗೆ ಆ ಉದ್ಯಾನ ಖಾಲಿ ಮಾಡಿಸಬೇಕಿತ್ತು, ಅಷ್ಟೆ. ನಾಳೆ ಅಲ್ಲಿ ವಾಹನ ನಿಲ್ದಾಣಕ್ಕೆ ಪಾಯ ತೋಡುವವರಿದ್ದರು. ಕುರುಗೋಡಿನ ತಾಂತ್ರಿಕ ಶಾಲೆಯೊಂದು ಈ ಹಳೆಯ ತರಬೇತಿ ವಿಮಾನವನ್ನು ಇಟ್ಟುಕೊಂಡು ರಿಪೇರಿ ಮಾಡಲು ಒಪ್ಪಿತ್ತು, ಗಾಯವಾಗದೆ ಬಂದರೆ ಮಾತ್ರ. ಆದರೆ ರೆಕ್ಕೆ ಹೊತ್ತ ವಿಮಾನ ಗೇಟು ದಾಟುವುದಿಲ್ಲ. ಬಿಚ್ಚೋಣವೆಂದರೆ ನಕ್ಷೆ ಯಾರ ಬಳಿಯೂ ಇಲ್ಲ. ಹೋದ ತಿಂಗಳು ಬಂದ ತಜ್ಞರೊಬ್ಬರು ಸುತ್ತ ಒಂದು ಸುತ್ತು ಹಾಕಿ, ರೆಕ್ಕೆ ಮೈಗೇ ಬೆಸೆದುಕೊಂಡಿದೆ, ಕತ್ತರಿಸದೆ ಗತಿಯಿಲ್ಲ ಎಂದು ಬರೆದುಕೊಟ್ಟು ಹೋಗಿದ್ದರು. ಕತ್ತರಿಸಿದರೆ ಅದು ಬರೀ ಗುಜರಿ.

ಡಿಪೋದಲ್ಲಿ ಕಾವೇರಿಯನ್ನು 'ವಿಮಾನದ ಕಂಡಕ್ಟ್ರು' ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಚಿಕ್ಕಂದಿನಲ್ಲಿ ಅಪ್ಪ ಕರೂರಿನಿಂದ ಕರೆತಂದು ಈ ವಿಮಾನ ತೋರಿಸಿದ ದಿನದಿಂದ ಅವಳಿಗೆ ಇದೇ ಹುಚ್ಚು. ಟಿಕೆಟ್ ಚೀಲದಲ್ಲಿ ಸದಾ ಒಂದು ನೋಟ್‌ಬುಕ್ಕು. ಒಂದೇ ದಿನ ನಿವೃತ್ತಿಯಾದ ಹನ್ನೆರಡು ವಿಮಾನಗಳ ನಂಬರು ಅದರಲ್ಲಿದ್ದವು. ಹನ್ನೆರಡನೆಯದರ ಮುಂದೆ 'ಬಳ್ಳಾರಿ ಉದ್ಯಾನ' ಎಂದಿತ್ತು. ಉಳಿದ ಹನ್ನೊಂದರ ಮುಂದೆ ಖಾಲಿ. ಅವು ಲಾರಿ ಏರಿದ್ದು ಗೊತ್ತು, ಇಳಿದದ್ದು ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಎಲ್ಲೋ ಒಂದಾದರೂ ಉಳಿದಿದ್ದೀತು ಎಂಬ ಆಸೆಯಿಂದ ಒಂಬತ್ತು ವರ್ಷ ಊರೂರಿಗೆ ಕಾಗದ ಬರೆದಿದ್ದಳು.

ಗ್ಯಾಸ್ ಕಟ್ಟರ್ ಹಿಡಿದಿದ್ದ ಎರ್ರಿಸ್ವಾಮಿ ಕಣ್ಣಿಗೆ ಕನ್ನಡಕ ಇಳಿಸಿ ಉರಿ ಹೊತ್ತಿಸಿದ, ಹೆದರಿಸಲೆಂದೇ. ಕಾವೇರಿ ಅಲುಗಲಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಆಟೊ ನಿಂತಿತು. ಕೌಲ್ ಬಜಾರಿನ ಶಾಬುದ್ದೀನ್ ಸಾಹೇಬರು ಕೈಚೀಲ ಹಿಡಿದು ಇಳಿದರು. ಎಪ್ಪತ್ತು ದಾಟಿದ ಜೀವ. ಅವರನ್ನು ಕಂಡದ್ದೇ ಎರ್ರಿಸ್ವಾಮಿ, ಯಾರೂ ಹೇಳದೆಯೇ ಉರಿ ಆರಿಸಿ, ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತ. ಪರವಾಗಿಲ್ಲ, ದೊಡ್ಡವರಿಗೆ ಮರ್ಯಾದೆ ಕೊಡುವುದು ಗೊತ್ತಿದೆಯಲ್ಲ ಎಂದುಕೊಂಡಳು ಕಾವೇರಿ.

ಸಾಹೇಬರ ಪರಿಚಯ ಎರಡು ವರ್ಷದ್ದು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ವಿಮಾನದ ಎದುರು ನಿಲ್ಲುತ್ತಿದ್ದರು. ಯಾವ ತಗಡಿನ ಹಿಂದೆ ಯಾವ ಕೊಳವೆ, ಎಲ್ಲಿ ತಂತಿ, ಎಲ್ಲಿ ಟ್ಯಾಂಕು, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದರು. "ಇದರ ಜೋಡಿಯ ಹನ್ನೊಂದೂ ನನ್ನ ಕೈಯಾಗ ಹೋಗ್ಯಾವವ್ವ," ಎಂದಿದ್ದರು ಒಮ್ಮೆ. ವಾಯುಪಡೆಯವರು ಎಂದು ಕಾವೇರಿ ಅಂದೇ ತೀರ್ಮಾನಿಸಿದಳು. ಮುಂಗೈಯಿಂದ ಮೊಣಕೈವರೆಗಿನ ಸುಟ್ಟ ಕಲೆಗಳು ಯಾವ ಅಪಘಾತದವೋ ಏನೋ. ಹಾರುವಾಗ ಇದರ ಸದ್ದು ಹೇಗಿತ್ತು ಎಂದು ಕೇಳಿದರೆ ಗೊತ್ತಿಲ್ಲ ಎಂದರು. ಪಾಪ, ಎಂಜಿನ್ನಿನ ಪಕ್ಕ ಕೂತು ಕೂತು ಕಿವಿ ಹೋಗಿದೆ ಎಂದು ಮರುಗಿದಳು. ಆ ಹನ್ನೊಂದು ಈಗೆಲ್ಲಿವೆ ಎಂದರೆ ಮಾತ್ರ ಹೊರಟುಬಿಡುತ್ತಿದ್ದರು. ಹಳೆಯ ಸೈನಿಕನ ನೋವು ಕೆದಕಬಾರದೆಂದು ಅವಳೂ ಸುಮ್ಮನಾಗಿದ್ದಳು.

ತಜ್ಞರ ವರದಿ ಅವಳ ಕೈಸೇರಿದ್ದು ನಿನ್ನೆ. ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಸಾಹೇಬರು ಬರ್ತೀನಿ ಎಂದಷ್ಟೇ ಹೇಳಿ ಇಟ್ಟಿದ್ದರು.

ಈಗ ಅವರು ಸೀದಾ ವಿಮಾನದ ಬಳಿ ಬಂದರು. ರೆಕ್ಕೆಯ ಬುಡವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ, ಒಂದು ಕಡೆ ಸೀಮೆಸುಣ್ಣದಿಂದ ಚೌಕ ಬರೆದರು. ಈ ತಗಡಿನ ಒಳಗೆ ರೆಕ್ಕೆಯನ್ನು ಮೈಗೆ ಹಿಡಿದಿಟ್ಟ ನಾಲ್ಕು ಪಿನ್ನು ಇವೆ, ಅವು ಹೊರಬಂದರೆ ರೆಕ್ಕೆ ತಾನೇ ಬರುತ್ತದೆ ಎಂದರು. ಚಂದ್ರಣ್ಣ ತಜ್ಞರ ವರದಿ ಎತ್ತಿ ತೋರಿಸಿದ.

"ಅದನ್ನ ಮಡಚಿ ಕಿಸೇದಾಗ ಇಟ್ಕೋರಿ," ಎಂದರು ಸಾಹೇಬರು. "ಹನ್ನೊಂದು ಹೋದ್ವು. ಇದನ್ನ ಮಾತ್ರ ಕೊಡಂಗಿಲ್ಲ."

ಏಳೆಂಟು ಪದರ ಬಣ್ಣ ಕೆರೆದ ಮೇಲೆ ತಿರುಪುಗಳು ಸಿಕ್ಕವು. ತಗಡು ತೆಗೆದರೆ, ಕಲ್ಲಾದ ಗ್ರೀಸಿನಲ್ಲಿ ಹೂತ ನಾಲ್ಕು ಪಿನ್ನು. ಬಲರೆಕ್ಕೆಯಲ್ಲೂ ಹಾಗೆಯೇ. ಸೀಮೆಎಣ್ಣೆ, ಮರದ ಸುತ್ತಿಗೆ, ಮೂರು ತಾಸು. ಎರ್ರಿಸ್ವಾಮಿಯೇ ಪಕ್ಕದಲ್ಲಿ ನಿಂತು, ಅವರು ಬಾಯಿ ತೆರೆಯುವ ಮೊದಲೇ ಬೇಕಾದ ಹತಾರ ಕೈಗೆ ಕೊಡುತ್ತಿದ್ದ. ಚಂದ್ರಣ್ಣ ಗಡಿಯಾರ ನೋಡುವುದನ್ನು ಬಿಟ್ಟು ಹಗ್ಗ ಹಿಡಿದ. ನಾಲ್ಕೂವರೆಗೆ ಎರಡೂ ರೆಕ್ಕೆಗಳು ಒಂದು ಗೀರೂ ಬೀಳದೆ ಲಾರಿ ಏರಿದವು, ಹಿಂದೆಯೇ ಮೈ.

ಕಾವೇರಿ ಅತ್ತಳು, ಎಲ್ಲರೆದುರು, ನಾಚಿಕೆ ಬಿಟ್ಟು. ಆಮೇಲೆ ಸೀಟಿ ಊದಿ "ರೈಟ್" ಎಂದಳು. ವಿಮಾನ ಗೇಟು ದಾಟಿ ಕುರುಗೋಡಿನ ಕಡೆ ಹೊರಟಿತು.

ಚಂದ್ರಣ್ಣ ಎಲ್ಲಿಂದಲೋ ಒಂದು ಶಾಲು ತರಿಸಿ ಸಾಹೇಬರಿಗೆ ಹೊದಿಸಿದ. ವಾಯುಪಡೆಯ ವೀರ ಎಂದು ನಾಳೆ ಪೇಪರಿಗೆ ಹಾಕಿಸುತ್ತೇನೆ ಎಂದು ಮೊಬೈಲು ಎತ್ತಿದ. ಸಾಹೇಬರು ಶಾಲು ಮಡಚಿ ಅವನ ಕೈಗೇ ಕೊಟ್ಟರು. ಕಾವೇರಿಗೆ ನೋಟ್‌ಬುಕ್ ತೆಗೆ ಎಂದರು. ಆ ಹನ್ನೊಂದು ಖಾಲಿ ಸಾಲುಗಳ ಮೇಲೆ ಬೆರಳಿಟ್ಟು ಅವಳ ಮುಖವನ್ನೇ ನೋಡಿದರು.

"ಹನ್ನೊಂದನ್ನೂ ಗ್ಯಾಸ್ ಹಚ್ಚಿ ಕೊಯ್ದು ಗುಜರಿಗೆ ಹಾಕಿದಾಂವ ಶಾಬುದ್ದೀನ್ ಅಂತ ಬರಿಯವ್ವ, ಪಿನ್ ಅದಾವಂತ ನನಗ ಮೂರನೇದು ಕೊಯ್ಯೂವಾಗನ ಗೊತ್ತಾಗಿತ್ತು."