ಮುಟ್ಟಿ ನೋಡೋತನಕ

ಮಳೆಗೆ ನೆನೆದ ಕಂಬಳಿಯ ವಾಸನೆ ಬಂದರೆ ಈಗಲೂ ಮಕ್ತಲಿನ ದವಾಖಾನೆಯೊಂದರ ಆ ಮಧ್ಯಾಹ್ನ ನೆನಪಾಗುತ್ತದೆ.

ಕುರಿ ಕಾಯುವ ನಮ್ಮವ್ವನಿಗೆ ವಾರದಿಂದ ಹೊಟ್ಟೆನೋವು. ಇಸ್ತ್ರಿ ಸೀರೆಯ ಹೆಂಗಸೊಬ್ಬರನ್ನು ಮಂಚದ ಮೇಲೆ ಮಲಗಿಸಿ ನೋಡಿದ್ದ ಡಾಕ್ಟರು, ಅವ್ವನ ಹೆಗಲ ಮೇಲಿನ ಕಂಬಳಿ ಕಂಡದ್ದೇ ಮೂಗು ಮುಚ್ಚಿಕೊಂಡರು. ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ಮುಟ್ಟದೆ ಗುಳಿಗೆ ಬರೆದು ಚೀಟಿ ಚಾಚಿದರು.

ಅವ್ವ ಚೀಟಿ ತೆಗೆದುಕೊಳ್ಳಲಿಲ್ಲ.

"ದನದ ಡಾಕ್ಟರು ನಮ್ಮ ಕುರಿ ಹೊಟ್ಟಿ ಒತ್ತಿ ನೋಡಿ ಔಷಧ ಕೊಡ್ತಾರ್ರೀ. ನಾ ಕುರಿಗಿಂತ ಕಡಿಮಿ ಏನ್ರೀ?"

"ಹಿಂದ ಬಾಳ ಮಂದಿ ಅದಾರ, ನಡಿಯಮ್ಮ," ಎಂದರು ನರ್ಸಮ್ಮ.

ಅವ್ವ ನಡೆದಳು, ಒಳಕ್ಕೆ. ಅದೇ ಮಂಚದ ಮೇಲೆ ಕಂಬಳಿ ಹಾಸಿ ಮಲಗಿದಳು.

"ಮುಟ್ಟಿ ನೋಡೋತನಕ ಏಳಂಗಿಲ್ಲರೀ," ಎಂದವಳು, ಕಾಲು ಸರಿಸಿ ಬಾಗಿಲಲ್ಲೇ ನಿಂತಿದ್ದ ನನ್ನನ್ನು ಕರೆದಳು: "ಬಾರವ್ವ, ನೀನೂ ಕುಂಡ್ರು."