ಮುಳ್ಳು ನಲವತ್ತರಲ್ಲೇ

“ಇದನ್ನ ಹಾಕಿದ ಮೇಲೆ ಗಾಡಿ ಓಡುತ್ತೆ, ಹೊರಲ್ಲ. ಕಲ್ಲು ಹೇರ್ಕೊಂಡು ಕೋರೆ ಏರು ಹತ್ತೋದು ಮುಗೀತು ಅಂತ್ಲೇ ಲೆಕ್ಕ. ಇನ್ನೊಂದ್ಸಲ ಯೋಚ್ನೆ ಮಾಡಿ ಯಜಮಾನ್ರೇ,” ಎಂದ ಮೇಸ್ತ್ರಿ, ಪಿಕಪ್ಪಿನ ಹಿಂದಿನ ಅಚ್ಚಿನಡಿಯಿಂದ ತಲೆ ಹೊರಗೆ ಹಾಕಿ. ಮುದುಕ ಗುಜರಿಯೆಲ್ಲ ಜಾಲಾಡಿ ತಂದಿದ್ದ ಹಲ್ಲುಚಕ್ರ ಅವನ ಎದೆಯ ಮೇಲೆ ಕೂಸಿನ ಹಾಗೆ ಕೂತಿತ್ತು.

“ಹೊತ್ತಿದ್ದು ಸಾಕಾಯ್ತು. ಹಾಕಯ್ಯ.”

ಮುದುಕನಿಗೆ ಮೀಸೆ ಮೂಡುವ ಮೊದಲೇ ಕಾರ್ಖಾನೆಯಿಂದ ಇಳಿದಿದ್ದ ಗಾಡಿ ಅದು. ತುಂಬು ಹೊರೆ ಹೊತ್ತು ಎಂಥ ಏರನ್ನಾದರೂ ಹತ್ತುತ್ತಿತ್ತು. ಸಪಾಟು ರಸ್ತೆಯಲ್ಲಿ ನಲವತ್ತು ದಾಟಿಸಿದರೆ ಮಾತ್ರ ಹೊಟ್ಟೆ ಹಿಡಿದುಕೊಂಡವರಂತೆ ಅರಚುತ್ತಿತ್ತು. ಮುದುಕನೂ ದಾಟಿಸಿದವನಲ್ಲ. ಹೆಂಡತಿಯ ತಮ್ಮ ವೇಗಕ್ಕೇ ಬಲಿಯಾದವನು. ಅಂದಿನಿಂದ ಪಕ್ಕದಲ್ಲಿ ಕೂತರೆ ಅವಳ ಕಣ್ಣು ರಸ್ತೆಯ ಮೇಲಲ್ಲ, ಮೀಟರಿನ ಮುಳ್ಳಿನ ಮೇಲೆ. ಮುಳ್ಳು ನಲವತ್ತರಿಂದ ಕೂದಲೆಳೆಯಷ್ಟು ಸರಿದರೂ “ರೀ” ಅನ್ನುವಳು. ಆ ಒಂದು ‘ರೀ’ಗೆ ಅವನ ಕಾಲು ತಾನಾಗಿ ಮೇಲೆ ಬರುತ್ತಿತ್ತು.

ಈಗ ಅವಳಿಗೆ ವಾರಕ್ಕೊಮ್ಮೆ ದೊಡ್ಡಾಸ್ಪತ್ರೆಯ ಔಷಧಿ. ನರಕ್ಕೆ ಇಳಿಸುವ ಆ ಔಷಧಿಯನ್ನು ಹೇಗೋ ತಡೆದುಕೊಂಡಳು, ತಡೆಯಲಾರದೆ ಹೋದದ್ದು ದಾರಿಯನ್ನು. ಬಸ್ಸಿನ ವಾಸನೆಗೇ ವಾಂತಿ. ಪಿಕಪ್ಪಿನಲ್ಲಾದರೆ ಬೆಳಗೆಲ್ಲ ಹೋಗುವುದು, ಸಂಜೆಯೆಲ್ಲ ಬರುವುದು, ಮೈಯಲ್ಲಿ ಮೂಳೆಗಳೆಲ್ಲ ಇದ್ದಾವೆಯೇ ಎಂದು ತಡವಿಕೊಂಡು ಇಳಿಯುವುದು. ಕಳೆದ ವಾರ ಮನೆ ಬಾಗಿಲಲ್ಲೇ ಹೇಳಿಬಿಟ್ಟಿದ್ದಳು: “ಇನ್ನು ನಾನು ಬರಲ್ಲ. ಕಾಯಿಲೆ ಕೊಲ್ಲೋದಾದ್ರೆ ಕೊಲ್ಲಲಿ, ಈ ದಾರಿ ಕೈಲಿ ಸಾಯಲಾರೆ.”

ಮೇಸ್ತ್ರಿ ಕೆಲಸ ಮುಗಿಸಿ ಕೈ ಒರೆಸಿಕೊಂಡ. “ಮೀಟರ್ ಇನ್ನೂ ಹಳೇ ಚಕ್ರದ ಲೆಕ್ಕದಲ್ಲೇ ಇದೆ, ಇನ್ಮೇಲೆ ಸುಳ್ಳು ಹೇಳುತ್ತೆ. ಮುಳ್ಳು ನಲವತ್ತರಲ್ಲಿದ್ರೆ ಗಾಡಿ ಅರವತ್ತರ ಹತ್ತಿರ ಇರುತ್ತೆ. ಅದನ್ನೂ ಸರಿ ಮಾಡ್ಲಾ?”

“ಬೇಡ. ಅದೊಂದು ಹಾಗೇ ಇರಲಿ.”

ಮೇಸ್ತ್ರಿ ಅವನ ಮುಖವನ್ನೇ ನೋಡಿದ. “ಅಮ್ಮನೋರಿಗೆ ಗೊತ್ತಾದ್ರೆ ನನ್ನ ಹೆಸರು ಹೇಳ್ಬೇಡಿ ಮತ್ತೆ.”

ಇದೊಂದು ಸಲ ಬಾ ಎಂದು ಕಾಡಿ ಬೇಡಿ ಅವಳನ್ನು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಅವಳು ಎಂದಿನಂತೆ ಮುಳ್ಳಿಗೆ ಕಣ್ಣು ನೆಟ್ಟು ಕೂತಳು. ಮುಳ್ಳು ನಲವತ್ತರಲ್ಲಿ ಸಾಧು ಹಸುವಿನಂತೆ ನಿಂತಿತ್ತು. ಎಂಜಿನ್ನಿನ ಗೊಣಗಾಟವೂ ಎಂದಿನದೇ. ಮುದುಕ ‘ರೀ’ಗಾಗಿ ಕಿವಿ ತೆರೆದುಕೊಂಡೇ ಓಡಿಸಿದ, ಅದು ಬರಲಿಲ್ಲ. ಆಸ್ಪತ್ರೆಯಲ್ಲಿ ನರ್ಸು, “ಏನಮ್ಮಾ, ಇವತ್ತು ನೀವೇ ಮೊದಲು,” ಎಂದಾಗ ಅವಳು ಗಂಡನ ಕಡೆ ಒಮ್ಮೆ ನೋಡಿದಳು, ಅಷ್ಟೇ.

ಔಷಧಿ ಇಳಿದ ಮೇಲೆ ಅವಳನ್ನು ತಬ್ಬಿ ಎತ್ತಿ ಸೀಟಿನಲ್ಲಿ ಕೂರಿಸಿದ. ಇನ್ನೇನು ಕೀಲಿ ತಿರುಗಿಸಬೇಕು.

“ಮುಳ್ಳಿಗೆ ಏನು ಮಾಡಿದ್ರಿ?”

“ಮುಳ್ಳಿಗೆ ನಾನೇನೂ ಮಾಡಿಲ್ಲ ಕಣೇ.” ಅಷ್ಟರಮಟ್ಟಿಗೆ ಅದು ನಿಜವೇ.

“ಬರ್ತಾ ಒಂದು ಬಸ್ಸನ್ನ ಹಿಂದೆ ಹಾಕಿದ್ವಿ. ಮದುವೆಯಾದಾಗಿಂದ ಸೈಕಲ್ಲು ಬಿಟ್ರೆ ಬೇರೇನನ್ನಾದ್ರೂ ಹಿಂದೆ ಹಾಕಿದ್ದುಂಟಾ ನಾವು?”

ಮುದುಕ ಸ್ಟೀರಿಂಗಿಗೆ ಹಣೆ ಆನಿಸಿದ. ಒಪ್ಪಿಕೊಳ್ಳಲಿಕ್ಕೂ ಜಗಳವಾಡಲಿಕ್ಕೂ ತ್ರಾಣವಿರಲಿಲ್ಲ. “ಮುಂದಿನ ವಾರ ಬರ್ತೀಯೋ ಇಲ್ವೋ, ಅಷ್ಟು ಹೇಳು.”

ಅವಳು, ಕೂದಲು ಉದುರಿದ ಮೇಲೆ ಅವನೆದುರಿಗೂ ಒಮ್ಮೆಯೂ ತೆಗೆಯದಿದ್ದ ತಲೆವಸ್ತ್ರದ ಗಂಟನ್ನು ನಿಧಾನವಾಗಿ ಬಿಚ್ಚಿದಳು. ಮುಂದೆ ಬಾಗಿ ಅದನ್ನು ಮೀಟರಿಗೆ ಹೊದಿಸಿ, ಅಂಚುಗಳನ್ನು ಸಂದಿಗೆ ಸಿಕ್ಕಿಸಿದಳು. ಆಮೇಲೆ ಬೋಳು ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದಳು.

“ಹೊರಡಿ.”