ಭಾಗಪ್ಪ ಹೂಂ ಅಂದದ್ದು

ಪವಮಾನ ಬ್ರೌಸರಿನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿ, ಕುರ್ಚಿಯನ್ನು ಭಾಗಪ್ಪನಿಗೆ ಬಿಟ್ಟುಕೊಟ್ಟ. ಕಮಲಾಪುರದ ಬಾಳೆ ಬೆಳೆಗಾರರ ಸಂಘದ ಕೆಲಸ ನಿಂತದ್ದು ಆ ಗಳಿಗೆಯಿಂದ.

ಸಂಘಕ್ಕೆ ಹೊಸ ವೆಬ್‌ಸೈಟ್ ಮಾಡಿಕೊಟ್ಟದ್ದು ಕಲಬುರಗಿಯ ಒಂದು ಸಣ್ಣ ಕಂಪನಿ. ಸಂಘದ ಕಂಪ್ಯೂಟರ್ ಎಷ್ಟು ಮುದಿಯೆಂದರೆ ಹೊಸ ಬ್ರೌಸರ್ ಹಾಕಿದರೆ ಪ್ರಾಣ ಬಿಡುತ್ತಿತ್ತು. ಹಾಗಾಗಿ ಹಳೆಯ ಬ್ರೌಸರಿನಲ್ಲೇ, ಅದೂ ಕನ್ನಡದಲ್ಲಿ, ಎಲ್ಲವೂ ನಡೆಯುತ್ತದೆಂದು ಪರೀಕ್ಷಿಸಿ ತೋರಿಸಬೇಕಿತ್ತು. ಸಂಜೆಯೊಳಗೆ ಪಾಸು ಎಂಬ ವರದಿ ತಂದರೆ ನೌಕರಿ ಕಾಯಂ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೋ ಎಂದು ಕಂಪನಿಯ ಮೃದುಲಾ ಮೇಡಂ ಪವಮಾನನಿಗೆ ನಗುನಗುತ್ತಲೇ ಹೇಳಿ ಕಳಿಸಿದ್ದರು. ಅವನಿಗೇನೂ ಭಯವಿರಲಿಲ್ಲ. ಸಂಘದ ಕಾರ್ಯದರ್ಶಿ ಭಾಗಪ್ಪ ಕಂಪ್ಯೂಟರಿನಲ್ಲಿ ಇಡೀ ತಾಲೂಕಿಗೇ ಚುರುಕು ಕೈ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಕೇಳುವ ಪೆಟ್ಟಿಗೆ ಮೂಡುವುದೇ ತಡ, ಕೇರಂ ಹೊಡೆದಂತೆ ಅದನ್ನು ಒಂದೇ ಏಟಿಗೆ ಹೊಡೆದು ಹಾಕುತ್ತಿದ್ದ. ಅದನ್ನು ನೋಡಲೆಂದೇ ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಈಗಲೂ ಪೆಟ್ಟಿಗೆ ಮೂಡಿತು. ಭಾಗಪ್ಪನ ಬೆರಳು ಎದ್ದಿತು, ಅಲ್ಲೇ ನಿಂತಿತು. ಅವನು ಓದುತ್ತಿದ್ದ.

'ಈ ಸಂಪರ್ಕವನ್ನು ನಂಬಲಾಗದು. ಅಪಾಯ ತಿಳಿದೂ ಮುಂದುವರಿಯುವಿರಾ?'

ಪವಮಾನ ಮೊಬೈಲಿನಿಂದ ತಲೆ ಎತ್ತದೆ, ಅದೇನೂ ಇಲ್ಲ, ಒತ್ತಿಬಿಡಿ ಎಂದ. ಭಾಗಪ್ಪ ಮೌಸಿನಿಂದ ಕೈಯನ್ನೇ ತೆಗೆದ.

"ಸಾಹೇಬ್ರ, ಅದು ನಂಬಬ್ಯಾಡ ಅಂತದ, ನೀವು ಒತ್ರಿ ಅಂತೀರಿ. ನಾ ಯಾರ ಮಾತು ಕೇಳ್ಲಿ?"

"ಕಾಕಾ, ಹಳೇ ಬ್ರೌಸರಿನ್ಯಾಗ ಯಾವ ಸೈಟಿಗೆ ಹೋದರೂ ಹಿಂಗೇ ಬರ್ತದ. ದಿನಾ ನೀವು ಒತ್ತೋದು ಇದನ್ನೇ ಅಲ್ಲೇನು?"

"ಇಷ್ಟು ವರ್ಷ ಇದನ್ನೇ ಕೇಳಾಕತ್ತಿತ್ತೇನು?"

"ಹೌದ್ರಿ."

"ನಾ ಏನಂತಿದ್ದೆ?"

"ಹೂಂ ಅಂತಿದ್ರಿ."

ಭಾಗಪ್ಪ ಎದ್ದು ಹೋಗಿ ಕೊಡದಿಂದ ಒಂದು ಲೋಟ ನೀರು ಕುಡಿದು ಬಂದ. ಕೆಂಪು ಬಾಳೆಗೊನೆಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದಿದ್ದ ಬಂಡಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತನ್ನ ಹೆಸರಿನ ಮೇಲೂ ಹೂಂ ಅಂದಿದ್ದೀಯೇನು ಎಂದು ಕೇಳಿದಳು. ಗೊನೆಯ ಲೆಕ್ಕ ತುಂಬುವಾಗ ಎಲ್ಲರ ಹೆಸರಿನ ಮೇಲೂ ಅಂದಿದ್ದೇನೆ ಎಂದು ಭಾಗಪ್ಪ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಪಾಪ, ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ಬಂಡಮ್ಮ ಒಂದು ಖಾಲಿ ಕ್ರೇಟು ಎಳೆದು ಪರದೆಯ ಎದುರಿಗೇ ಕೂತಳು. ಇನ್ನು ಮುಂದೆ ಅದು ಏನು ಕೇಳಿದರೂ ಗಟ್ಟಿಯಾಗಿ ಓದಬೇಕೆಂದು ತಾಕೀತು ಮಾಡಿದಳು.

ಸುದ್ದಿ ಹೊರಗೆ ಹೋಗಿ, ಗೊನೆ ತಂದವರೆಲ್ಲ ಒಳಗೆ ಬಂದರು. ನಂಬುವುದು ಬಿಡುವುದು ಆಮೇಲೆ, ಸದ್ಯಕ್ಕೆ ಹಿಂದಿನ ಪುಟಕ್ಕೆ ಬರೋಣವೆಂದು ತೀರ್ಮಾನವಾಯಿತು. ಹಿಂದೆ ಬರಲು ಹೋದರೆ ಇನ್ನೊಂದು ಪೆಟ್ಟಿಗೆ: 'ಈ ಪುಟವನ್ನು ಬಿಟ್ಟು ಹೋಗುವುದು ಖಚಿತವೇ? ನೀವು ತುಂಬಿದ್ದು ಯಾವುದೂ ಉಳಿಯುವುದಿಲ್ಲ.' ಭಾಗಪ್ಪ ಅದನ್ನು ಗಟ್ಟಿಯಾಗಿ ಓದಿದ. ಒಬ್ಬ ಮುದುಕ ಟವೆಲಿನಿಂದ ಕಣ್ಣು ಒರೆಸಿಕೊಂಡ. ಇಂಥ ಮಾತಿಗೆ ಅವಸರದಲ್ಲಿ ಉತ್ತರ ಕೊಡುವುದು ಬೇಡ, ಸಂತೆಯ ದಿನ ಎಲ್ಲರೂ ಸಿಗುತ್ತಾರೆ, ಆಗ ಸಭೆ ಕರೆಯೋಣ ಎಂದು ಕೈ ಎತ್ತಿಸಿದರು. ಹೊರಗೆ ಆಟೋಗಳಲ್ಲಿ ಬಾಳೆಗೊನೆಗಳು ಬಿಸಿಲಿಗೆ ಬಾಡುತ್ತಿದ್ದವು.

ಪವಮಾನ ಅಂಗಳಕ್ಕೆ ಬಂದು ಮೃದುಲಾ ಮೇಡಂಗೆ ಫೋನು ಹಚ್ಚಿದ. ಏನು ಕೆಟ್ಟಿದೆ ಎಂದು ಅವರು ಕೇಳಿದರು. ಏನೂ ಕೆಟ್ಟಿಲ್ಲ, ಎಲ್ಲವೂ ಸರಿಯಾಗಿಯೇ ಇದೆ ಎಂದ.

"ಮತ್ತ ತೊಂದರೆ ಏನದ?"

"ಮಂದಿ ಓದಾಕತ್ತಾರ್ರೀ, ಮೇಡಂ."

ಮೇಡಂ ನೂರೆಂಟು ದೋಷ ಕಂಡವರು, ಇದಕ್ಕೆ ಮಾತ್ರ ಅವರಲ್ಲಿ ಮದ್ದಿರಲಿಲ್ಲ. ಕಡೆಗೆ, ಬ್ರೌಸರನ್ನು ಇಂಗ್ಲಿಷಿಗೆ ತಿರುಗಿಸಿ, ಒಂದು ಸಲ ಒತ್ತಿಸಿ, ಪಾಸು ಎಂದು ಬರೆದುಕೊಂಡು ಸಂಜೆಯ ಬಸ್ಸು ಹಿಡಿ ಎಂದರು.

ಇಂಗ್ಲಿಷು ಬಂದೊಡನೆ ಕೋಣೆಯಲ್ಲಿ ಒಂದು ಸಮಾಧಾನ ಹರಡಿತು. ಗುರುತಿನವರು ಊರಿಗೆ ಮರಳಿದಷ್ಟು ಖುಷಿಯಾಗಿ ಭಾಗಪ್ಪ ಅಂಗಿಯ ತೋಳು ಮಡಚಿ ಕೂತ. ಪೆಟ್ಟಿಗೆ ಮೂಡಿತು. ಬೆರಳು ಹಳೆಯ ರಭಸದಲ್ಲೇ ಎದ್ದು, ಅಷ್ಟೇ ರಭಸದಲ್ಲಿ ಅಲ್ಲೇ ನಿಂತಿತು. ಕ್ರೇಟಿನ ಮೇಲಿದ್ದ ಬಂಡಮ್ಮ ಆ ಬೆರಳನ್ನೇ ನೋಡುತ್ತಿದ್ದಳು.

"ಇದು ಏನು ಕೇಳಾಕತ್ತದ, ಸಾಹೇಬ್ರ?"

"ದಿನದ್ದೇ ಅದ ಕಾಕಾ, ಒತ್ರಿ."

"ಏನು ಬರ್ದದ, ಅದನ್ನ ಹೇಳ್ರಿ."

ಹೊರಗೆ ಕಲಬುರಗಿ ಬಸ್ಸಿನ ಹಾರ್ನ್ ಕೇಳಿಸಿತು. ಕಾಯಂ ನೌಕರಿ ಆ ಬಸ್ಸಿನಲ್ಲೇ ಕೂತಿದೆ ಎಂದು ಪವಮಾನನಿಗೆ ಗೊತ್ತಿತ್ತು. ನೌಕರಿಗೆ ಸೇರಿದಾಗಿನಿಂದ ಈ ಪೆಟ್ಟಿಗೆಯನ್ನು ಅವನೂ ಲೆಕ್ಕವಿಲ್ಲದಷ್ಟು ಸಲ ಒತ್ತಿದ್ದ. ಓದಿದ್ದು ಒಮ್ಮೆಯೂ ಇಲ್ಲ. ಪರದೆಯ ಹತ್ತಿರ ಬಗ್ಗಿ ಮೊದಲ ಸಾಲು ಓದಿದ. ಆಮೇಲೆ ಎರಡನೆಯದು. ತುಂಬಿದ್ದೆಲ್ಲ ಬೇರೆಯವರ ಕೈ ಸೇರಬಹುದೆಂಬ ಕೊನೆಯ ಸಣ್ಣಕ್ಷರದ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದ. ನೆಟ್ಟಗೆ ನಿಂತು, ಹೆಗಲ ಮೇಲಿನ ಬ್ಯಾಗನ್ನು ತೆಗೆದು ಮೇಜಿನ ಮೇಲಿಟ್ಟ.

"ಒತ್ತಬ್ಯಾಡ್ರಿ, ಕಾಕಾ" ಎಂದ.